ಬೇಲಿಯೇ ಹೊಲ ಮೇಯಬಾರದು: ಬ್ಯಾಟರಿ ಉಪಕರಣಗಳ ಸಂವಹನ ತಂತಿಗೆ ಸಿಡಿಲಿನಿಂದ ರಕ್ಷಣೆ

ಮೇ ತಿಂಗಳ ಒಂದು ಸಂಜೆ ಹುನಗುಂದದ ಎರೆ ಹೊಲಗಳ ಮೇಲೆ ಭರಣಿ ಮಳೆಯ ಮೋಡ ಕಟ್ಟಿದೆ ಎಂದುಕೊಳ್ಳಿ. ಗಾಳಿ ಬೀಸಿ ನಾಲ್ಕು ಹನಿ ಉದುರುತ್ತವೆ. ಅರ್ಧ ಕಿಲೋಮೀಟರ್ ಆಚೆ ಎಲ್ಲೋ ಸಿಡಿಲು ಬೀಳುತ್ತದೆ. ಮರುದಿನ ಬೆಳಿಗ್ಗೆ ನಿಮ್ಮ ದಾಳಿಂಬೆ ತೋಟದ ಹನಿ ನೀರಾವರಿಯ ಕವಾಟ ತೆರೆಯುವುದಿಲ್ಲ. ಸೌರಫಲಕ ಸರಿಯಾಗಿದೆ, ಬ್ಯಾಟರಿಯಲ್ಲಿ 12 ವೋಲ್ಟ್ ಇದೆ, ತಂತಿ ಎಲ್ಲೂ ತುಂಡಾಗಿಲ್ಲ. ಪೆಟ್ಟಿಗೆ ತೆರೆದು ನೋಡಿದರೆ ಸುಟ್ಟ ವಾಸನೆಯೂ ಇಲ್ಲ. ಹಾಗಾದರೆ ಕೆಟ್ಟದ್ದು ಏನು?

ಬಹಳಷ್ಟು ಸಲ ಕೆಟ್ಟಿರುವುದು ಎಂಟು ಕಾಲುಗಳ ಒಂದು ಪುಟ್ಟ ಚಿಪ್. ಅದರ ಬೆಲೆ ಹೆಚ್ಚಲ್ಲ. ಆದರೆ ಅದು ಕೆಟ್ಟದ್ದು ತಿಳಿಯುವ ಹೊತ್ತಿಗೆ ಗಿಡಗಳು ಎರಡು ದಿನ ನೀರಿಲ್ಲದೆ ನಿಂತಿರುತ್ತವೆ. ಈ ಚಿಪ್ ಏನು ಮಾಡುತ್ತದೆ, ಏಕೆ ಸಾಯುತ್ತದೆ, ಬ್ಯಾಟರಿಯನ್ನು ಬರಿದು ಮಾಡದೆ ಅದನ್ನು ಉಳಿಸುವುದು ಹೇಗೆ? ನೋಡೋಣ.

ಎರಡು ತಂತಿಯ ಮಾತು

ತೋಟದ ಒಂದು ಮೂಲೆಯಲ್ಲಿ ಮಣ್ಣಿನ ತೇವ ಅಳೆಯುವ ಸಂವೇದಕ, ಇನ್ನೊಂದು ಮೂಲೆಯಲ್ಲಿ ಕವಾಟ, ನಡುವೆ ನಿಯಂತ್ರಣ ಪೆಟ್ಟಿಗೆ. ಇವುಗಳ ನಡುವಿನ ಮಾತುಕತೆ ಸಾಮಾನ್ಯವಾಗಿ ಒಂದು ಜೊತೆ ತಂತಿಯ ಮೇಲೆ, ಒಂದರ ಹಿಂದೆ ಒಂದು ಬಿಟ್ ಆಗಿ ಸಾಗುತ್ತದೆ. ಇದೇ ಸರಣಿ ಸಂವಹನ. ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಮಾನಕ 1983ರಲ್ಲಿ ಬಂದ ಆರ್‌ಎಸ್-485. ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವಿಭವ ವ್ಯತ್ಯಾಸವೇ ಇಲ್ಲಿ ಸಂಜ್ಞೆ. ಎ ಹೆಚ್ಚಿದ್ದರೆ ಒಂದು, ಬಿ ಹೆಚ್ಚಿದ್ದರೆ ಸೊನ್ನೆ. ಕೇವಲ 0.2 ವೋಲ್ಟ್ ವ್ಯತ್ಯಾಸವನ್ನೂ ಗ್ರಾಹಕ ಗುರುತಿಸಬಲ್ಲದು. ಎರಡೂ ತಂತಿಗಳಿಗೆ ಒಂದೇ ಬಗೆಯ ಗದ್ದಲ ಸೇರಿದರೆ ವ್ಯತ್ಯಾಸ ಬದಲಾಗುವುದಿಲ್ಲ. ಆದ್ದರಿಂದ ಕಡಿಮೆ ವೇಗದಲ್ಲಿ 1200 ಮೀಟರ್ ದೂರದವರೆಗೂ ಮಾತು ಕೆಡದೆ ತಲುಪುತ್ತದೆ.

ತಂತಿಯ ಮೇಲೆ ಮಾತನಾಡುವ ಮತ್ತು ಕೇಳುವ ಎರಡೂ ಕೆಲಸ ಮಾಡುವ ಚಿಪ್‌ಗೆ ಟ್ರಾನ್ಸೀವರ್ ಎನ್ನುತ್ತಾರೆ. ಪ್ರೇಷಕವೂ ಗ್ರಾಹಕವೂ ಒಂದೇ ಒಡಲಲ್ಲಿರುವ ಸಾಧನ ಇದು. ಉಪಕರಣದ ಉಳಿದ ಎಲ್ಲ ಭಾಗಗಳು ಪೆಟ್ಟಿಗೆಯೊಳಗೆ ಬೆಚ್ಚಗಿದ್ದರೆ, ಇದೊಂದು ಮಾತ್ರ ನೂರಾರು ಮೀಟರ್ ತಂತಿಯ ಮೂಲಕ ಹೊರಜಗತ್ತಿಗೆ ಮೈಯೊಡ್ಡಿ ನಿಂತಿರುತ್ತದೆ. ಮೊದಲ ಪೆಟ್ಟು ಬೀಳುವುದು ಇದಕ್ಕೇ.

ಮಾನಕದ ಪ್ರಕಾರ ಈ ತಂತಿಗಳು ಉಪಕರಣದ ನೆಲಕ್ಕೆ ಹೋಲಿಸಿದಾಗ ಋಣ 7 ವೋಲ್ಟ್‌ನಿಂದ ಧನ 12 ವೋಲ್ಟ್‌ವರೆಗೆ ಇರಬಹುದು. ಪೇಟೆಯಲ್ಲಿ ಸುಲಭವಾಗಿ ಸಿಗುವ ಮ್ಯಾಕ್ಸ್485 ಚಿಪ್ ತಾಳುವ ಮಿತಿ ಋಣ 8ರಿಂದ ಧನ 12.5 ವೋಲ್ಟ್. ಅಂದರೆ ಮಾನಕಕ್ಕಿಂತ ಆಚೆಗೆ ಉಳಿದಿರುವುದು ಬರೀ ಅರ್ಧದಿಂದ ಒಂದು ವೋಲ್ಟ್ ಅಂತರ!

ಅಧಿಕ ವಿಭವ ಬರುವ ಮೂರು ದಾರಿಗಳು

ಮೊದಲನೆಯದು ಸ್ಥಿರವಿದ್ಯುತ್ತು. ಚಳಿಗಾಲದ ಒಣ ಹವೆಯಲ್ಲಿ ಕೃತಕ ರೇಷ್ಮೆ ಬೆರೆತ ಇಳಕಲ್ ಸೀರೆ ಬಿಚ್ಚಿ ಮಡಿಸುವಾಗ ಚಟಪಟ ಸದ್ದು ಕೇಳಿದ್ದೀರಲ್ಲವೆ? ಅದೇ ಆವೇಶ ನಿಮ್ಮ ಬೆರಳಿನಿಂದ ತಂತಿಗೆ ಹಾರಿದರೆ ಹಲವು ಸಾವಿರ ವೋಲ್ಟ್ ಆಗಿರುತ್ತದೆ. ಆದರೆ ಅದರ ಆಯುಸ್ಸು ನೂರು ನ್ಯಾನೋಸೆಕೆಂಡಿನ ಆಸುಪಾಸು. ಶಕ್ತಿ ತೀರ ಕಡಿಮೆ. ಇಂದಿನ ಅನೇಕ ಚಿಪ್‌ಗಳು ಇದನ್ನು ತಾವೇ ತಾಳಿಕೊಳ್ಳುತ್ತವೆ.

ಎರಡನೆಯದು ಸಿಡಿಲಿನ ಪ್ರೇರಣೆ. ಸಿಡಿಲು ತಂತಿಯ ಮೇಲೆಯೇ ಬೀಳಬೇಕಾಗಿಲ್ಲ. 30,000 ಆಂಪಿಯರ್ ಪ್ರವಾಹ 3 ಮೈಕ್ರೋಸೆಕೆಂಡಿನಲ್ಲಿ ಏರುವ ಸಿಡಿಲು ನಿಮ್ಮ ತಂತಿಯಿಂದ 100 ಮೀಟರ್ ದೂರದಲ್ಲಿ ಬಿದ್ದಿತೆನ್ನಿ. ಸಂಜ್ಞೆಯ ತಂತಿಗೂ ಭೂಸಂಪರ್ಕದ ತಂತಿಗೂ ನಡುವೆ ಅರ್ಧ ಮೀಟರ್ ಅಂತರವಿದ್ದು, ಅವು 100 ಮೀಟರ್ ಉದ್ದ ಸಾಗಿದ್ದರೆ 50 ಚದರ ಮೀಟರ್‌ನ ಒಂದು ಕುಣಿಕೆ ಆಗುತ್ತದೆ. ಸಿಡಿಲಿನ ಕಾಂತಕ್ಷೇತ್ರ ಆ ಕುಣಿಕೆಯಲ್ಲಿ ಸುಮಾರು 1000 ವೋಲ್ಟ್ ಪ್ರೇರಿಸುತ್ತದೆ. ದೂರ ಹೆಚ್ಚಿದಂತೆ ಇದು ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅರ್ಧ ಕಿಲೋಮೀಟರ್ ಆಚೆ ಬಿದ್ದರೆ ಸುಮಾರು 200 ವೋಲ್ಟ್. 12.5 ವೋಲ್ಟ್ ತಾಳುವ ಚಿಪ್‌ಗೆ ಅಷ್ಟು ಧಾರಾಳವಾಗಿ ಸಾಕು. ಎರಡೂ ತಂತಿಗಳನ್ನು ಒಂದೇ ಕೇಬಲ್ಲಿನಲ್ಲಿ ಒತ್ತಾಗಿ ತಂದರೆ ಕುಣಿಕೆಯ ವಿಸ್ತಾರ ಕುಗ್ಗಿ ಈ ವಿಭವವೂ ಕುಗ್ಗುತ್ತದೆ ಎಂಬುದನ್ನು ಇಲ್ಲಿಯೇ ಗಮನಿಸಿ. ಖರ್ಚಿಲ್ಲದ ಮೊದಲ ರಕ್ಷಣೆ ಇದು.

ಮೂರನೆಯದಕ್ಕೆ ಮೋಡವೂ ಬೇಕಿಲ್ಲ, ಮಿಂಚೂ ಬೇಕಿಲ್ಲ. ಮನುಷ್ಯನ ಕೈ ಸಾಕು. ಸಂವೇದಕಕ್ಕೆ ಹೋಗುವ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಎಳೆಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾತಿಗೆ. ಸಂಜೆಯ ಮಬ್ಬಿನಲ್ಲಿ ಎಳೆ ಅದಲುಬದಲಾದರೆ 12 ಅಥವಾ 24 ವೋಲ್ಟ್ ನೇರವಾಗಿ ಎ ತಂತಿಗೆ ಸೇರುತ್ತದೆ. ಇನ್ನೊಂದು ತಪ್ಪು ಇನ್ನೂ ಸೂಕ್ಷ್ಮ. ಹಗಲಿನಲ್ಲಿ ಸೌರಫಲಕ ಜೋಡಿಸಿರುವಂತೆಯೇ ಬ್ಯಾಟರಿಯನ್ನು ಬಿಚ್ಚುವುದು. '12 ವೋಲ್ಟ್ ಫಲಕ' ಎಂದು ಕರೆಯುವ ಸಾಮಾನ್ಯ ಫಲಕದ ತೆರೆದ ವಿಭವ ವಾಸ್ತವವಾಗಿ 21–22 ವೋಲ್ಟ್. ಅದನ್ನು ಹಿಡಿದು ಇಟ್ಟಿರುವುದು ಬ್ಯಾಟರಿ. ಬ್ಯಾಟರಿ ತೆಗೆದರೆ, ಸಾಧಾರಣ ಚಾರ್ಜ್ ನಿಯಂತ್ರಕವಿದ್ದಲ್ಲಿ, ಉಪಕರಣಕ್ಕೆ ಆ ಪೂರ್ಣ ವಿಭವ ಹೋಗುವ ಸಂಭವ ಇದೆ.

ಈ ಮೂರರ ವ್ಯತ್ಯಾಸ ಮುಖ್ಯವಾಗಿ ಕಾಲದ್ದು. ಮೊದಲನೆಯದು ನ್ಯಾನೋಸೆಕೆಂಡು, ಎರಡನೆಯದು ಹತ್ತಾರು ಮೈಕ್ರೋಸೆಕೆಂಡು, ಮೂರನೆಯದು ಗಂಟೆಗಟ್ಟಲೆ. ಕ್ಷಣಿಕ ಪೆಟ್ಟಿಗೆ ಹಾಕಿದ ರಕ್ಷಣೆ ಗಂಟೆಗಟ್ಟಲೆ ನಿಲ್ಲುವ ವಿಭವದ ಮುಂದೆ ತಾನೇ ಸುಟ್ಟುಹೋಗುತ್ತದೆ.

ನೆಲ ಬದಲಾದರೆ ಲೆಕ್ಕವೂ ಬದಲು

ರಕ್ಷಣೆ ಎಂದರೆ ಬಂದ ಪ್ರವಾಹವನ್ನು ನೆಲಕ್ಕೆ ದಾಟಿಸುವುದು. ಆದರೆ ಯಾವ ನೆಲಕ್ಕೆ? ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ದಿನ ಬಸ್ಸಿನಲ್ಲಿ ಸುತ್ತಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಬಾಗಲಕೋಟೆ, ಹುನಗುಂದದ ಸುತ್ತ ಎರೆ ಭೂಮಿ. ಬಾದಾಮಿಯಲ್ಲಿ ಚಾಲುಕ್ಯರು ಗುಹೆ ಕೊರೆದ ಕೆಂಪು ಮರಳುಗಲ್ಲು. ಇಳಕಲ್ಲಿನಲ್ಲಿ ಹೊರದೇಶಗಳಿಗೂ ಹೋಗುವ ಕೆಂಪು ಗ್ರಾನೈಟ್.

ತೇವವಿರುವ ಎರೆ ಮಣ್ಣಿನ ವಿಶಿಷ್ಟ ರೋಧ ಹತ್ತು ಓಮ್-ಮೀಟರ್ ಆಸುಪಾಸು ಎಂದಿಟ್ಟುಕೊಳ್ಳಿ. ಅದರಲ್ಲಿ 3 ಮೀಟರ್ ಉದ್ದ, 16 ಮಿಲಿಮೀಟರ್ ದಪ್ಪದ ಸರಳು ಹೊಡೆದರೆ ಭೂಸಂಪರ್ಕದ ರೋಧ ಸುಮಾರು 3 ಓಮ್. ಗಟ್ಟಿ ಕಲ್ಲುನೆಲದ ವಿಶಿಷ್ಟ ರೋಧ ಸಾವಿರ ಓಮ್-ಮೀಟರ್ ದಾಟುತ್ತದೆ. ಅಲ್ಲಿ ಅದೇ ಸರಳಿನ ರೋಧ 300 ಓಮ್‌ಗೂ ಮಿಗಿಲು. 100 ಆಂಪಿಯರ್ ಹರಿದರೆ ಮೊದಲ ಜಾಗದಲ್ಲಿ ಪೆಟ್ಟಿಗೆಯ ನೆಲ 300 ವೋಲ್ಟ್ ಏರುತ್ತದೆ, ಎರಡನೆಯ ಜಾಗದಲ್ಲಿ 30,000 ವೋಲ್ಟ್! ಎರೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ. ಮಣ್ಣು ಸರಳನ್ನು ಬಿಟ್ಟು ಸರಿದರೆ ಸಂಪರ್ಕವೇ ಕಳಚುತ್ತದೆ. ಮೊದಲ ಗುಡುಗು ಬರುವುದು ಸರಿಯಾಗಿ ಆ ಹೊತ್ತಿಗೇ.

ಹಾಗಾದರೆ ಕಲ್ಲುನೆಲದವರು ಏನು ಮಾಡಬೇಕು? ಸರಳು ಇಳಿಯದ ಕಡೆ ಕುಳಿ ಕೊರೆದು ಬೆಂಟೊನೈಟ್ ಜೇಡಿ ತುಂಬುವುದು, ಇಲ್ಲವೆ ಲೋಹದ ಪಟ್ಟಿಯನ್ನು ಅಡ್ಡಲಾಗಿ ಹೂಳುವುದು ರೂಢಿ. ಭೂಸಂಪರ್ಕದ ಭಾರತೀಯ ಮಾನಕ ಐಎಸ್ 3043 ಇವನ್ನೆಲ್ಲ ವಿವರಿಸುತ್ತದೆ. ಆದರೆ ರೋಧ ತಗ್ಗಿಸುವುದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಕಂಬ, ಫಲಕದ ಚೌಕಟ್ಟು, ಬ್ಯಾಟರಿಯ ಋಣ ತುದಿ, ಚಿಪ್‌ನ ನೆಲ ಎಲ್ಲವನ್ನೂ ಒಂದೇ ಬಿಂದುವಿಗೆ ಜೋಡಿಸಿ. ಆಗ ಪೆಟ್ಟಿಗೆಯೊಳಗಿನ ಎಲ್ಲವೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ದೋಣಿಯಲ್ಲಿ ಕುಳಿತವರಿಗೆ ಅಲೆಯ ಎತ್ತರದಿಂದ ಅಪಾಯವಿಲ್ಲ. ಒಂದು ಕಾಲು ದೋಣಿಯಲ್ಲಿ, ಇನ್ನೊಂದು ದಡದಲ್ಲಿ ಇಟ್ಟವನಿಗೆ ಅಪಾಯ. ನಮ್ಮ ಉಪಕರಣದಲ್ಲಿ ಆ ಇನ್ನೊಂದು ಕಾಲು ದೂರಕ್ಕೆ ಹೋಗುವ ಸಂವಹನ ತಂತಿಯೇ.

ಮೂರು ಸಾಲಿನ ಬೇಲಿ

ತಂತಿ ಪೆಟ್ಟಿಗೆಯೊಳಗೆ ಬರುವ ಬಾಗಿಲಲ್ಲಿ ಮೊದಲ ಸಾಲು ಅನಿಲ ವಿಸರ್ಜನ ನಳಿಗೆ. ಗಾಜು ಅಥವಾ ಪಿಂಗಾಣಿಯ ಪುಟ್ಟ ಕೊಳವೆಯಲ್ಲಿ ಜಡ ಅನಿಲ ತುಂಬಿರುತ್ತದೆ. 90 ವೋಲ್ಟ್ ಎಂದು ಗುರುತಿಸಿದ ನಳಿಗೆಯಲ್ಲಿ ವಿಭವ ಆ ಮಟ್ಟ ಮೀರಿದರೆ ಕಿಡಿ ಹೊತ್ತಿ, ಸಾವಿರಾರು ಆಂಪಿಯರ್ ಪ್ರವಾಹ ನೆಲಕ್ಕೆ ಹರಿಯುತ್ತದೆ. ಬಲಶಾಲಿ, ಆದರೆ ನಿಧಾನಿ. ವೇಗವಾಗಿ ಏರುವ ಅಲೆ ಬಂದರೆ ಅದು ಎಚ್ಚರಗೊಳ್ಳುವಷ್ಟರಲ್ಲಿ ವಿಭವ ಸುಮಾರು 600 ವೋಲ್ಟ್ ಮುಟ್ಟಿರುತ್ತದೆ.

ಕೊನೆಯ ಸಾಲು ಚಿಪ್‌ನ ಪಕ್ಕದಲ್ಲಿರುವ ಟಿವಿಎಸ್ ಡಯೋಡ್. ಇದು ಅರೆವಾಹಕ ಸಾಧನ. ಬಹಳ ಚುರುಕು, ಆದರೆ ತಾಳುವ ಪ್ರವಾಹ ಹತ್ತಾರು ಆಂಪಿಯರ್ ಮಾತ್ರ. ಬಲಶಾಲಿ ಮತ್ತು ಚುರುಕಿನವ ಇಬ್ಬರೂ ಸೇರಿ ಕೆಲಸ ಮಾಡಬೇಕಾದರೆ ನಡುವೆ ಒಂದು ರೋಧಕ ಬೇಕು. ಅದೇ ಎರಡನೆಯ ಸಾಲು. ಅದು ಡಯೋಡಿಗೆ ಹೋಗುವ ಪ್ರವಾಹವನ್ನು ತಡೆದು, ನಳಿಗೆ ಹೊತ್ತಿಕೊಳ್ಳುವವರೆಗೆ ಕಾಲ ಕೊಡುತ್ತದೆ.

ಈಗ ಅಂಕಿ ಹಾಕಿ ನೋಡಿ. ಆರ್‌ಎಸ್-485ಕ್ಕೆಂದೇ ತಯಾರಾದ ಎಸ್‌ಎಂ712 ಎಂಬ ಡಯೋಡ್ ಧನ 12, ಋಣ 7 ವೋಲ್ಟ್‌ವರೆಗೆ ಸುಮ್ಮನಿದ್ದು ಅದನ್ನು ಮೀರಿದರೆ ಪ್ರವಾಹವನ್ನು ನೆಲಕ್ಕೆ ಬಿಡುತ್ತದೆ. ಆದರೆ ಪೂರ್ಣ ಪೆಟ್ಟಿನಲ್ಲಿ ಅದು ವಿಭವವನ್ನು ಹಿಡಿದಿಡುವುದು 26 ವೋಲ್ಟ್ ಆಸುಪಾಸಿನಲ್ಲಿ. ಚಿಪ್‌ನ ಮಿತಿ 12.5. ಬೇಲಿ ಇದೆ, ಆದರೂ ದನ ಕತ್ತು ಚಾಚಿದರೆ ಬೆಳೆ ಸಿಗುತ್ತದೆ! ಇನ್ನು ತಪ್ಪಾಗಿ 24 ವೋಲ್ಟ್ ಜೋಡಿಸಿದರೆ ಈ ಡಯೋಡ್ ಬಿಡುವಿಲ್ಲದೆ ಪ್ರವಾಹ ಹರಿಸುತ್ತ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ.

ಇದಕ್ಕೆ ಪರಿಹಾರ ಬೇಲಿಯನ್ನು ಇನ್ನಷ್ಟು ಬಿಗಿಗೊಳಿಸುವುದಲ್ಲ, ಬೆಳೆಯನ್ನೇ ಗಟ್ಟಿಯಾಗಿ ಬೆಳೆಸುವುದು. ಎ ಮತ್ತು ಬಿ ತಂತಿಗಳಲ್ಲಿ ಧನ-ಋಣ 60 ಅಥವಾ 70 ವೋಲ್ಟ್ ತಾಳುವ ಟ್ರಾನ್ಸೀವರ್‌ಗಳು ಈಗ ದೊರೆಯುತ್ತವೆ. ಅಂಥದ್ದನ್ನು ಹಾಕಿದರೆ ಬೇಲಿಯನ್ನು ದೂರಕ್ಕೆ ಸರಿಸಬಹುದು. 30 ವೋಲ್ಟ್‌ವರೆಗೆ ಸುಮ್ಮನಿರುವ ಎಸ್‌ಎಂಬಿಜೆ30ಸಿಎ ಬಗೆಯ ಡಯೋಡ್ ಪೂರ್ಣ ಪೆಟ್ಟಿನಲ್ಲಿ ವಿಭವವನ್ನು ಸುಮಾರು 48 ವೋಲ್ಟ್‌ನಲ್ಲಿ ನಿಲ್ಲಿಸುತ್ತದೆ. ಚಿಪ್ ಕ್ಷೇಮ. ತಪ್ಪಾಗಿ 24 ವೋಲ್ಟ್ ಬಂದರೆ ಡಯೋಡ್ ಏಳುವುದೇ ಇಲ್ಲ. ಚಿಪ್ ಅದನ್ನು ತಾನೇ ತಾಳಿಕೊಳ್ಳುತ್ತದೆ. ನಡುವಿನ ರೋಧಕ 47 ಓಮ್ ಇದ್ದರೆ 600 ವೋಲ್ಟ್ ಬಂದಾಗ ಡಯೋಡಿಗೆ ಹೋಗುವುದು 12 ಆಂಪಿಯರ್‌ಗಿಂತ ತುಸು ಕಡಿಮೆ, ಅಂದರೆ ಅದರ ಮಿತಿಯೊಳಗೆ. ಈ ರೋಧಕ ಮಾತ್ರ ಪೆಟ್ಟು ತಾಳುವ ಬಗೆಯದಿರಲಿ. ತೆಳು ಪದರದ ಸಾಮಾನ್ಯ ರೋಧಕ ಒಂದೇ ಪೆಟ್ಟಿಗೆ ಕಡಿದುಹೋಗುತ್ತದೆ.

ಬೇಲಿ ಮೇಯುವ ಲೆಕ್ಕ

ಇಲ್ಲಿಯವರೆಗಿನದು ಮನೆಯ ವಿದ್ಯುತ್ತಿನಿಂದ ನಡೆಯುವ ಉಪಕರಣಕ್ಕೂ ಸಲ್ಲುವ ಮಾತು. ಬ್ಯಾಟರಿಯ ಉಪಕರಣಕ್ಕೆ ಇನ್ನೊಂದು ಕಟ್ಟುಪಾಡು ಇದೆ. ಸಿಡಿಲು ಬರುವುದು ವರ್ಷದಲ್ಲಿ ಕೆಲವೇ ಕ್ಷಣ. ಉಳಿದ ಹೊತ್ತೆಲ್ಲ ರಕ್ಷಣೆಯ ಸಾಧನ ಸುಮ್ಮನಿರಬೇಕು, ಏನನ್ನೂ ತಿನ್ನಬಾರದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಚಿಪ್‌ನ 5 ವೋಲ್ಟ್ ವಿದ್ಯುತ್ ಸಾಲಿಗೆ 5 ವೋಲ್ಟಿನ ಟಿವಿಎಸ್ ಡಯೋಡ್ ಹಾಕುವುದು ಅನೇಕರ ಅಭ್ಯಾಸ. ಎಸ್‌ಎಂಬಿಜೆ5.0ಎ ಎಂಬ ಡಯೋಡಿನ ಮಾಹಿತಿ ಪತ್ರ ತೆರೆದು ನೋಡಿ. 5 ವೋಲ್ಟ್‌ನಲ್ಲಿ ಅದರ ಸೋರಿಕೆ ಗರಿಷ್ಠ 800 ಮೈಕ್ರೋಆಂಪಿಯರ್ ಎಂದಿರುತ್ತದೆ. ಅಷ್ಟೇ ಸೋರಿದರೆ ವರ್ಷದ 8760 ಗಂಟೆಗಳಲ್ಲಿ 7 ಆಂಪಿಯರ್-ಗಂಟೆ. ಕಂಬದ ಮೇಲಿನ ಪೆಟ್ಟಿಗೆಯಲ್ಲಿರುವ ಸಾಧಾರಣ ಬ್ಯಾಟರಿಯ ಪೂರ್ಣ ಸಾಮರ್ಥ್ಯವೇ ಅಷ್ಟು! ಸೌರಫಲಕವಿಲ್ಲದೆ 2.4 ಆಂಪಿಯರ್-ಗಂಟೆಯ ಲಿಥಿಯಂ ಕೋಶದ ಮೇಲೆ ವರ್ಷಗಟ್ಟಲೆ ನಡೆಯಬೇಕಾದ ಸಾಧನವಾದರೆ 125 ದಿನಗಳಲ್ಲಿ ಕೋಶ ಬರಿದು. ಅದೇ ಸಾಧನ ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಬಳಸಿದರೆ ವರ್ಷಕ್ಕೆ ಬೇಕಾಗುವುದು 0.09 ಆಂಪಿಯರ್-ಗಂಟೆಗಿಂತ ಕಡಿಮೆ. ಕಾವಲುಗಾರನ ಊಟ ಒಡೆಯನ ಊಟದ ಎಂಬತ್ತು ಪಟ್ಟು.

ಹೆಚ್ಚು ವಿಭವದ ಡಯೋಡ್‌ಗಳು ಈ ವಿಷಯದಲ್ಲಿ ಸಂಯಮಿಗಳು. ಮೇಲೆ ಹೇಳಿದ 30 ವೋಲ್ಟಿನ ಡಯೋಡ್ ತನ್ನ ಮಿತಿಯಲ್ಲೇ ಸೋರುವುದು ಹೆಚ್ಚೆಂದರೆ 1 ಮೈಕ್ರೋಆಂಪಿಯರ್. ತಂತಿಯ ಮೇಲೆ ಇರುವ ಎರಡು-ಮೂರು ವೋಲ್ಟ್‌ನಲ್ಲಿ ಇನ್ನೂ ಕಡಿಮೆ. ಗಟ್ಟಿ ಚಿಪ್, ದೂರದ ಬೇಲಿ ಎಂಬ ಸೂತ್ರ ಬ್ಯಾಟರಿಯನ್ನೂ ಉಳಿಸುತ್ತದೆ ಎಂಬುದು ಇಲ್ಲಿಯ ಸ್ವಾರಸ್ಯ.

ಇನ್ನೊಂದು ಮೇಯುವಿಕೆ ತಂತಿಯ ತುದಿಯಲ್ಲಿ. ಆರ್‌ಎಸ್-485 ತಂತಿಯ ಎರಡೂ ಕೊನೆಗಳಲ್ಲಿ 120 ಓಮ್ ರೋಧಕ ಹಾಕಬೇಕು, ಯಾರೂ ಮಾತನಾಡದಾಗ ಸ್ಥಿತಿ ಖಚಿತವಾಗಿರಲು ಮೇಲಕ್ಕೂ ಕೆಳಕ್ಕೂ 560 ಓಮ್‌ನಂಥ ರೋಧಕಗಳಿರಬೇಕು ಎಂದು ಪಠ್ಯಗಳು ಹೇಳುತ್ತವೆ. ಹಾಗೆ ಮಾಡಿದರೆ 5 ವೋಲ್ಟಿನಿಂದ ಹಗಲಿರುಳು 4.2 ಮಿಲಿಆಂಪಿಯರ್ ಹರಿಯುತ್ತದೆ. ತಿಂಗಳಿಗೆ 3 ಆಂಪಿಯರ್-ಗಂಟೆ. ಮೋಡ ಮುಸುಕಿದ ಆಷಾಢದಲ್ಲಿ ಇದು ಸಣ್ಣ ಮಾತಲ್ಲ. ತುದಿಯ ರೋಧಕ ಬೇಕಾಗುವುದು ತಂತಿಯ ಕೊನೆಯಿಂದ ಮರಳುವ ಪ್ರತಿಧ್ವನಿಯನ್ನು ತಡೆಯಲು. 100 ಮೀಟರ್ ತಂತಿಯಲ್ಲಿ ಸಂಜ್ಞೆ ಒಮ್ಮೆ ಸಾಗಲು ಅರ್ಧ ಮೈಕ್ರೋಸೆಕೆಂಡು ಸಾಕು. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದು ಬಿಟ್‌ನ ಅವಧಿ 104 ಮೈಕ್ರೋಸೆಕೆಂಡು. ಬಿಟ್ ಮುಗಿಯುವ ಬಹಳ ಮೊದಲೇ ಪ್ರತಿಧ್ವನಿ ಅಡಗಿರುತ್ತದೆ. ತೋಟದ ಕವಾಟಕ್ಕೆ ಇದಕ್ಕಿಂತ ಅವಸರದ ಮಾತು ಬೇಕಿಲ್ಲವಾದ್ದರಿಂದ ತುದಿಯ ರೋಧಕವನ್ನು ಬಿಟ್ಟುಬಿಡಬಹುದು. ತುದಿಯ ಹೊರೆ ಇಲ್ಲದಿದ್ದರೆ ರಕ್ಷಣೆಯ 47 ಓಮ್‌ನಿಂದ ಸಂಜ್ಞೆ ಕುಗ್ಗುವುದೂ ಇಲ್ಲ. ತಂತಿಯ ವಿಭವ ವ್ಯತ್ಯಾಸ ಸೊನ್ನೆಯಾದಾಗಲೂ 'ಒಂದು' ಎಂದೇ ಓದುವ ಗ್ರಾಹಕವುಳ್ಳ ಚಿಪ್ ಆರಿಸಿದರೆ 560 ಓಮ್‌ನ ರೋಧಕಗಳೂ ಬೇಡ. ನಿಧಾನವಾಗಿ ಮಾತನಾಡುವವನಿಗೆ ಲಾಭ ಹಲವು.

ಚಿಪ್ ಒಡೆದರೂ ಮನೆ ಉಳಿಯಲಿ

ಇಷ್ಟಾಗಿಯೂ ಒಂದು ದಿನ ಚಿಪ್ ಒಡೆಯಬಹುದು. ಆಗ ತಂತಿಯ ವಿಭವ ಅದರ ಒಡಲಿನ ಮೂಲಕ ಮೈಕ್ರೋಕಂಟ್ರೋಲರ್‌ಗೆ ನುಗ್ಗುತ್ತದೆ, ಅಲ್ಲಿಂದ 3.3 ವೋಲ್ಟ್ ಸಾಲಿಗೆ. ಮನೆಯ ವಿದ್ಯುತ್ತಿನ ಉಪಕರಣದಲ್ಲಿ ಹೊರಗಿನಿಂದ ಬಂದ ಕೆಲವು ಮಿಲಿಆಂಪಿಯರ್ ಪ್ರವಾಹವನ್ನು ಉಳಿದ ಭಾಗಗಳು ಬಳಸಿ ಮುಗಿಸುತ್ತವೆ. ನಿದ್ರಿಸುತ್ತಿರುವ ಬ್ಯಾಟರಿ ಉಪಕರಣ ಬಳಸುವುದು ಹತ್ತು ಮೈಕ್ರೋಆಂಪಿಯರ್ ಮಾತ್ರ. ಸಾಮಾನ್ಯ ವಿಭವ ನಿಯಂತ್ರಕ ಪ್ರವಾಹವನ್ನು ಕೊಡಬಲ್ಲದು, ಹಿಂದಕ್ಕೆ ಹೀರಲಾರದು. ಹೋಗಲು ದಾರಿಯಿಲ್ಲದ ಪ್ರವಾಹ ಸಾಲಿನ ವಿಭವವನ್ನೇ ಏರಿಸುತ್ತದೆ, ಇಡೀ ಫಲಕ ಕೆಡುತ್ತದೆ. ಒಳಹರಿವು ನಿಲ್ಲದ ಕೆರೆಗೆ ಕೋಡಿ ಇಲ್ಲದಂತೆ.

ಇದಕ್ಕೆ ಟ್ರಾನ್ಸೀವರ್ ಮತ್ತು ಮೈಕ್ರೋಕಂಟ್ರೋಲರ್ ನಡುವಿನ ಪ್ರತಿ ಎಳೆಗೂ 1000 ಓಮ್ ರೋಧಕ ಹಾಕಿ. 12 ವೋಲ್ಟ್ ನುಗ್ಗಿದರೂ 9 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯದು. ಜೊತೆಗೆ ಮಿತಿ ಮೀರಿದಾಗ ಮಾತ್ರ ತೆರೆದುಕೊಳ್ಳುವ, ಸೋರಿಕೆ ಕಡಿಮೆಯಿರುವ ಒಂದು ಕೋಡಿ, ಅಂದರೆ ವಿಭವ ಮಿತಿಕಾರಕ, ಸಾಲಿಗೆ ಇರಲಿ. ಕೆಡುವುದು ಒಂದು ಚಿಪ್ ಮಾತ್ರವಾದರೆ ದುರಸ್ತಿ ಅರ್ಧ ಗಂಟೆಯ ಕೆಲಸ.

ನೀವು ಗಮನಿಸಬೇಕಾದದ್ದು

ಉಪಕರಣವನ್ನು ನೀವು ವಿನ್ಯಾಸ ಮಾಡುವವರಲ್ಲದಿದ್ದರೂ, ಕೊಳ್ಳುವವರು ಅಥವಾ ಜೋಡಿಸುವವರು ಆಗಿದ್ದರೆ ಇಷ್ಟನ್ನು ನೆನಪಿಡಿ.

1. ಬಿಚ್ಚುವಾಗ ಮೊದಲು ಸೌರಫಲಕ, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಫಲಕ.

2. ಎ, ಬಿ ಎರಡೇ ಸಾಲದು. ಉಪಕರಣಗಳ ನೆಲವನ್ನು ಜೋಡಿಸುವ ಮೂರನೆಯ ಎಳೆಯೂ ಅದೇ ಕೇಬಲ್ಲಿನಲ್ಲಿ ಬರಲಿ.

3. ರಕ್ಷಣಾ ಸಾಧನದಿಂದ ನೆಲದ ಬಿಂದುವಿಗೆ ಹೋಗುವ ತಂತಿ ಗಿಡ್ಡದಾಗಿರಲಿ. ಪ್ರವಾಹ ಮೈಕ್ರೋಸೆಕೆಂಡಿಗೆ 1000 ಆಂಪಿಯರ್‌ನಂತೆ ಏರಿದರೆ ಒಂದು ಮೀಟರ್ ತಂತಿಯ ಮೇಲೆಯೇ ಸುಮಾರು 1000 ವೋಲ್ಟ್ ನಿಲ್ಲುತ್ತದೆ. ಸುತ್ತಿಟ್ಟ ಹೆಚ್ಚುವರಿ ತಂತಿ ಅಂದವಲ್ಲ, ಅಪಾಯ.

4. ಅನಿಲ ನಳಿಗೆಯನ್ನು 24 ವೋಲ್ಟ್ ಬ್ಯಾಟರಿ ಸಾಲಿಗೆ ನೇರವಾಗಿ ಅಡ್ಡ ಹಾಕಬೇಡಿ. ಒಮ್ಮೆ ಹೊತ್ತಿದ ಕಿಡಿಯನ್ನು ಬ್ಯಾಟರಿಯೇ ಉರಿಸುತ್ತಿರಬಹುದು.

5. ಬೇಸಿಗೆ ಮುಗಿಯುವ ಮುನ್ನ ಭೂಸಂಪರ್ಕದ ಗುಂಡಿಗೆ ನೀರು ಹಾಕಿ, ಬಿರುಕು ಮುಚ್ಚಿ, ಬೋಲ್ಟಿನ ತುಕ್ಕು ಉಜ್ಜಿ.

6. ಇಳಕಲ್ಲಿನಂಥ ಕಲ್ಲುನೆಲದಲ್ಲಿ ಎರಡು ಪೆಟ್ಟಿಗೆಗಳ ನಡುವೆ ಉದ್ದ ತಂತಿ ಎಳೆಯುವ ಬದಲು ರೇಡಿಯೋ ಅಥವಾ ಬೆಳಕಿನ ಎಳೆ ಬಳಸಬಹುದೆ ಎಂದು ಯೋಚಿಸಿ. ಇಲ್ಲದ ತಂತಿಗೆ ಸಿಡಿಲಿನ ಭಯವಿಲ್ಲ.

ಇಷ್ಟೆಲ್ಲ ಎಚ್ಚರ ಒಂದು ಚಿಪ್‌ಗಾಗಿಯೆ? ಹುನಗುಂದ ತಾಲ್ಲೂಕಿನ ರಾಮಥಾಳ ಹನಿ ನೀರಾವರಿ ಯೋಜನೆಯನ್ನು ನೆನೆಯಿರಿ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರ್ ಜಮೀನಿಗೆ ಹನಿಹನಿಯಾಗಿ ಉಣಿಸುವ ಗುರಿ ಅದರದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ದೂರಮಾಪಕ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿ ಬಿಸಿಲು-ಬ್ಯಾಟರಿಗಳನ್ನೇ ನಂಬಿ ನಿಂತಿವೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತನಿಗೆ ಸಿಗುವ ಪರಿಹಾರ ಇಂಥ ಮಾಪಕಗಳ ಅಂಕಿಗಳನ್ನು ಅವಲಂಬಿಸಿದೆ. ಯಾವ ಬಗೆಯ ಸಂವಹನವೇ ಇರಲಿ, ಬಯಲಿನಲ್ಲಿ ನಿಂತ ಸಾಧನ ಗುಡುಗಿನ ರಾತ್ರಿ ಮೂಕವಾದರೆ ಕಳೆದುಹೋಗುವುದು ಒಂದು ದಿನದ ನೀರು, ಇಲ್ಲವೆ ಒಂದು ಮಳೆಯ ಲೆಕ್ಕ.

ಮುಂದಿನ ಭರಣಿ ಮಳೆಗೆ ಮುನ್ನ ನಿಮ್ಮ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ. ಬೇಲಿ ಇದೆಯೆ? ಇದ್ದರೆ, ಅದು ಎಷ್ಟು ಮೇಯುತ್ತಿದೆ? ಒಂದು ಮಲ್ಟಿಮೀಟರ್ ಇದ್ದರೆ ಎರಡನೆಯ ಪ್ರಶ್ನೆಗೆ ಉತ್ತರವನ್ನು ನೀವೇ ಕಂಡುಕೊಳ್ಳಬಹುದು.